ಒಬ್ಬರು ಓದಬೇಕು, ಒಬ್ಬರು ಬರೆಯಬೇಕು

ಎರಡನೇ ಮಹಡಿಯ ಬಾಗಿಲ ಮುಂದೆ ರಾಶಿಬಿದ್ದ ಚಪ್ಪಲಿಗಳ ನಡುವೆ ಹುಡುಗಿ ಕಾಲಿಡಲು ಜಾಗ ಹುಡುಕುತ್ತಿದ್ದಾಗ, ಹೆಗಲ ಚೀಲದೊಳಗಿನ ಯಂತ್ರ ಕೀಚ್ ಎಂದಿತು. ಗೋಡೆಗೊರಗಿ ನಿಂತಿದ್ದ ಇಬ್ಬರು ಗಂಡಸರು ತಿರುಗಿ ನೋಡಿದರು. ಅವಳು ಚೀಲವನ್ನು ಎದೆಗೆ ಅವುಚಿಕೊಂಡು, ಹೊರಗಿನಿಂದಲೇ ತಡಕಿ ಗುಂಡಿ ಒತ್ತಿದಳು. ಯಂತ್ರ ಸುಮ್ಮನಾಯಿತು. ಎದೆ ಸುಮ್ಮನಾಗಲಿಲ್ಲ.

“ಫೋನಾ?” ಎಂದ ಒಬ್ಬ.

“ಹ್ಞೂಂ.”

ಆ ಮನೆಯಲ್ಲಿ ಅವಳಾಡಿದ ಮೊದಲ ಮಾತೇ ಸುಳ್ಳಾಯಿತು.

ನಡುಮನೆ ಚಿಕ್ಕದು. ಕುರ್ಚಿ ಮೇಜುಗಳನ್ನೆಲ್ಲ ಗೋಡೆಗೆ ತಳ್ಳಿ ಮಾಡಿದ ಜಾಗದಲ್ಲಿ ಮಂಚ ಹಾಕಿದ್ದರು. ಮಂಚದ ಮೇಲೆ ತಕ್ಕಡಿ ಮೇಷ್ಟ್ರು ಗಲ್ಲದವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಮಾರುಕಟ್ಟೆಯವರು ಅವರನ್ನು ಮೇಷ್ಟ್ರು ಎನ್ನುತ್ತಿದ್ದುದು ಪಾಠ ಹೇಳಿದ್ದಕ್ಕಲ್ಲ. ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದ ಮನುಷ್ಯ, ಯಾರ ತೂಕ ಹತ್ತು ಗ್ರಾಂ ಅತ್ತಿತ್ತಾದರೂ ಕಿವಿ ಹಿಂಡದೆ ಬಿಟ್ಟವರಲ್ಲ. ತಲೆಯ ಹತ್ತಿರ ಅವರ ಹೆಂಡತಿ ಕೂತಿದ್ದರು. ಕಾಲಿನ ಹತ್ತಿರ ಮಗಳು, ತಾಯಿಗೆ ಬೆನ್ನು ಹಾಕಿ. ಇಬ್ಬರ ನಡುವೆ ಒಬ್ಬ ಗಂಡಸಿನ ಉದ್ದದಷ್ಟು ದೂರ.

ಹುಡುಗಿ ಮೊದಲು ನೋಡಿದ್ದು ಹೆಣವನ್ನಲ್ಲ, ಗೋಡೆಯ ಗೂಡನ್ನು. ಆಸ್ಪತ್ರೆಯವರು ಜೇಬಿನಿಂದ ತೆಗೆದು ಕೊಟ್ಟ ಸಾಮಾನುಗಳನ್ನು ಯಾರೋ ಅಲ್ಲಿ ಸಾಲಾಗಿ ಇಟ್ಟಿದ್ದರು. ಕನ್ನಡಕ, ಪೆನ್ಸಿಲಿನ ತುಂಡು, ಅಂಗಡಿಯ ಬೀಗದಕೈ, ಕುಕ್ಕರಿನ ಹೊಸ ರಬ್ಬರ್ ಉಂಗುರ. ಅವುಗಳ ಪಕ್ಕ, ಗಡಿಯಾರಕ್ಕೆ ಒರಗಿಸಿ ನಿಲ್ಲಿಸಿದ, ಒಮ್ಮೆ ಮಡಚಿದ ಬಿಳಿ ಚೀಟಿ. ಅದರ ಮೇಲಿನ ಕೆಂಪು ಹೃದಯದ ಗುರುತು ಬಾಗಿಲಿನಿಂದಲೇ ಕಾಣುತ್ತಿತ್ತು. ಒಳಗಿನ ಅಕ್ಷರ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಅದು ಅವಳದೇ ಕೈಬರಹ.

ಅವಳು ಮೂಲೆಯಲ್ಲಿ ಹಣ್ಣಿನ ಅಂಗಡಿಯ ಹೆಂಗಸಿನ ಪಕ್ಕ ಕೂತಳು. ಜನ ಸಾವಿನ ಮನೆಯಲ್ಲಿ ಆಡುವ ಮಾತನ್ನೇ ಆಡುತ್ತಿದ್ದರು. ಹಳೇ ಪೇಪರಿನವನು ಇಪ್ಪತ್ತು ವರ್ಷದ ಹಿಂದೆ ತನ್ನ ತಕ್ಕಡಿಯನ್ನು ಸ್ವಲ್ಪ ತನ್ನ ಕಡೆ ವಾಲಿಸಿಕೊಡಿ ಎಂದು ಕೇಳಿದ್ದನಂತೆ. ಮೇಷ್ಟ್ರು ಆಗಲಿ ಎಂದು ಇಟ್ಟುಕೊಂಡು, ವಾರ ಬಿಟ್ಟು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಂತೆ ಸರಿಮಾಡಿ, ಕೂಲಿ ಮಾತ್ರ ಎರಡರಷ್ಟು ಕೇಳಿದರಂತೆ. “ಯಾಕೆ ಅಂತ ಕೇಳಿದ್ರೆ, ರಿಪೇರಿ ಎರಡಲ್ವೇನಯ್ಯ, ತಕ್ಕಡಿದೊಂದು ನಿಂದೊಂದು ಅಂದ್ರು,” ಎಂದು ಅವನು ಮೂಗು ಒರೆಸಿಕೊಂಡ. ಯಾರೋ ನಗಲು ಹೋಗಿ ಕೆಮ್ಮಿದರು.

“ನನ್ನ ಅಂಗಡೀಲಿ ತಕ್ಕಡಿ ಮುಖ ನನ್ನ ಕಡೆ ಇರ್ತಿತ್ತು,” ಎಂದಳು ಹಣ್ಣಿನವಳು. “ಎದುರಿಗೆ ನಿಂತು, ನಾನು ಬಾಯಿ ಬಿಡೋದ್ರೊಳಗೆ, ‘ಒಂಬೈನೂರ ಎಂಬತ್ತು, ಇನ್ನೊಂದು ಹಾಕಮ್ಮ’ ಅನ್ನೋರು. ತಲೆಕೆಳಗಾದ ಅಂಕಿ ಓದಿ ಓದಿ ನಂಗೆ ನೆಟ್ಟಗಿರೋದೇ ಸೊಟ್ಟ ಕಾಣುತ್ತೆ ಅಂತಿದ್ರು.”

ಹುಡುಗಿ ಕೇಳಿಸಿಕೊಂಡಳು, ತಲೆಗೆ ಹಾಕಿಕೊಳ್ಳಲಿಲ್ಲ. ಮೇಷ್ಟ್ರ ಹೆಂಡತಿಯ ಕಣ್ಣು ಒಬ್ಬೊಬ್ಬರ ಮುಖ ದಾಟಿ ಅವಳ ಮೇಲೆ ಬಂದು ನಿಂತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ಅವಳ ಕೈ ತಾನಾಗಿಯೇ ಎದೆಯ ಬಳಿ ಹೋಯಿತು. ಅಲ್ಲಿ ಚುಚ್ಚಿಕೊಂಡಿದ್ದ ಕೆಂಪು ಕಾಗದದ ಹೃದಯವನ್ನು ಮೆಟ್ಟಿಲ ಮೇಲೆಯೇ ಕಿತ್ತು ಜೇಬಿಗೆ ಹಾಕಿಕೊಂಡಿದ್ದಳು. ಬಟ್ಟೆಯಲ್ಲಿ ಪಿನ್ನಿನ ಎರಡು ತೂತು ಉಳಿದಿದ್ದವು.

“ನೀನು ಯಾರಮ್ಮ?”

“ಅಂಗಡಿ ಹತ್ರ ನೋಡಿದ್ದೆ ಅವರನ್ನ.”

“ಊಟ ಆಯ್ತಾ?” ಎಂದರು ಮೇಷ್ಟ್ರ ಹೆಂಡತಿ. ಅದು ಕೇಳಿದ ಪ್ರಶ್ನೆಯಲ್ಲ, ನಲವತ್ತು ವರ್ಷದ ಅಭ್ಯಾಸ. ಉತ್ತರಕ್ಕೆ ಕಾಯದೆ ಅವರ ಕಣ್ಣು ಮುಂದೆ ಹೋಯಿತು.

*

ಹನ್ನೊಂದು ದಿನದ ಹಿಂದೆ, ಮಾರುಕಟ್ಟೆಯ ಮೂಲೆಯಲ್ಲಿ ಕೊಡೆಯ ಕೆಳಗೆ ಅವಳು ಒಬ್ಬಳೇ ಇದ್ದಳು.

ಒಬ್ಬಳೇ ಇರಬಾರದಿತ್ತು. ಹೃದ್ರೋಗಿಗಳ ಸಂಘಕ್ಕೆ ಹಣ ಎತ್ತಲು ಕಾಲೇಜಿನಿಂದ ಬಂದಿದ್ದ ಮೂವತ್ತು ಮಂದಿಯನ್ನು ಜೋಡಿ ಜೋಡಿಯಾಗಿ ಬೀದಿಗೆ ಬಿಟ್ಟಿದ್ದರು. ಜೋಡಿಗೊಂದು ಮೊಹರು ಹಾಕಿದ ಡಬ್ಬಿ, ಒಂದು ಮಡಚುವ ಮೇಜು, ಒಂದು ರಕ್ತದೊತ್ತಡದ ಯಂತ್ರ. ಡಬ್ಬಿಗೆ ಹಾಕಿದವರ ಅಂಗಿಗೆ ಕಾಗದದ ಹೃದಯ ಚುಚ್ಚಬೇಕು. ಅದು ಕಂಡರೆ ಆ ದಿನ ಬೇರೆ ಯಾವ ಡಬ್ಬಿಯೂ ಅವರನ್ನು ತಡೆಯುವಂತಿಲ್ಲ. ಕೂತು ಕೈ ಕೊಟ್ಟವರಿಗೆ ಬಿ.ಪಿ. ನೋಡಿ ಚೀಟಿ ಕೊಡಬೇಕು. ಅದಕ್ಕೊಂದು ಕಟ್ಟುನಿಟ್ಟಿತ್ತು. ಒಬ್ಬರು ಓದಬೇಕು, ಒಬ್ಬರು ಬರೆಯಬೇಕು. ಓದಿದವರು ಗಟ್ಟಿಯಾಗಿ ಹೇಳಬೇಕು, ಬರೆದವರು ಬರೆದದ್ದನ್ನು ತಿರುಗಿ ಹೇಳಬೇಕು. ಮೇಲಿನ ಅಂಕಿ ನೂರ ಎಂಬತ್ತು ದಾಟಿದರೆ ಐದು ನಿಮಿಷ ಕೂರಿಸಿ ಮತ್ತೆ ನೋಡಬೇಕು. ಮತ್ತೂ ದಾಟಿದರೆ ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತರಬೇತಿ ಕೊಟ್ಟ ಡಾಕ್ಟರಮ್ಮ ಇದನ್ನು ಮೂರು ಸಲ ಹೇಳಿದ್ದರು. ಮೂರನೇ ಸಲ ಹೇಳುವಾಗ ಹಿಂದಿನ ಸಾಲಿನವರು ಆಕಳಿಸಿದ್ದರು.

ಜೊತೆಗಾರ್ತಿ ಊಟಕ್ಕೆ ಹೋಗಿದ್ದಳು. ಬೆಳಿಗ್ಗೆ ಅವಳೇ ತಮಾಷೆಗೆ ದಪ್ಪ ಸ್ವೆಟರಿನ ತೋಳಿನ ಮೇಲೆ ಪಟ್ಟಿ ಸುತ್ತಿಕೊಂಡು, ಪಟಪಟ ಮಾತಾಡುತ್ತ ಗುಂಡಿ ಒತ್ತಿದಾಗ ಇನ್ನೂರ ನಾಲ್ಕು ಬಂದಿತ್ತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು. ಯಂತ್ರಕ್ಕೆ ಹುಚ್ಚು ಹಿಡಿದಿದೆ ಎಂದಿದ್ದರು.

ಸಾಲಿನಲ್ಲಿ ಎಂಟನೆಯವರು ತಕ್ಕಡಿ ಮೇಷ್ಟ್ರು. ಬೆರಳ ತುದಿಗಳಲ್ಲಿ ಯಂತ್ರದೆಣ್ಣೆಯ ಕಪ್ಪು, ಕಿವಿಯ ಮೇಲೆ ಪೆನ್ಸಿಲು. ಎದುರಿನ ಕುರ್ಚಿಯಲ್ಲಿ ಕೂತು ಯಂತ್ರವನ್ನು ಹೆಣ್ಣು ನೋಡಲು ಬಂದವರ ಹಾಗೆ ದಿಟ್ಟಿಸಿದರು.

“ಇವತ್ತು ಇದರ ಸೊನ್ನೆ ನೋಡಿದ್ಯಾ?”

“ನೋಡಿದ್ದೀನಿ,” ಎಂದಳು. ಸೊನ್ನೆ ನೋಡುವುದು ಎಂದರೇನೆಂದೇ ಅವಳಿಗೆ ಗೊತ್ತಿರಲಿಲ್ಲ.

“ಏನೂ ಇಲ್ಲದಾಗ ಸೊನ್ನೆ ಸರಿಯಾಗಿ ತೋರಿಸಿದ್ರೆ ಎಲ್ಲಾ ಸರಿ. ಯಂತ್ರ ಸುಳ್ಳು ಹೇಳಲ್ಲಮ್ಮ. ಕೆಟ್ಟರೆ ಕೆಡುತ್ತೆ, ಅಷ್ಟೆ. ಸುಳ್ಳೇನಿದ್ರೂ ನಮ್ಮದು.”

ಪಟ್ಟಿ ಉಬ್ಬಿತು, ಇಳಿಯಿತು. ಇನ್ನೂರ ಹನ್ನೆರಡು. ಕೆಳಗೆ ನೂರ ಹದಿನೆಂಟು.

ಎದುರಿಗೆ ಕೂತವರು ನಗುತ್ತಿದ್ದರು. ಹಿಂದೆ ನಿಂತವನೊಬ್ಬ ಬಸ್ಸಿಗೆ ಹೊತ್ತಾಯಿತು ಎಂದು ಗೊಣಗುತ್ತಿದ್ದ. ಯಂತ್ರಕ್ಕೆ ಮತ್ತೆ ಹುಚ್ಚು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಎಷ್ಟೋ ಸಲ ಆ ಗಳಿಗೆಯನ್ನು ಮಗುಚಿ ಮಗುಚಿ ನೋಡಿದಾಗ ನಿಜ ಬೇರೆಯೇ ಇತ್ತು. ಯಂತ್ರವನ್ನು ಅವಳು ನಂಬದೆ ಇರಲಿಲ್ಲ. ಅಷ್ಟು ದೊಡ್ಡ ಸಂಖ್ಯೆಯನ್ನು ಒಬ್ಬ ಅಪರಿಚಿತರ ಮುಖಕ್ಕೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅದನ್ನು ತಿರುಗಿ ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಇವರಿಗಿಂತ ಮುಂಚೆ ಕೂತಿದ್ದವನಿಗೆ ಬರೆದಿದ್ದ ಅಂಕಿ ಕೈಯಲ್ಲಿ ಇನ್ನೂ ಬಿಸಿಯಾಗಿತ್ತು. ಅದನ್ನೇ ಬರೆದಳು. ನೂರ ಇಪ್ಪತ್ತೆಂಟು, ಎಂಬತ್ತೆರಡು.

ಮೇಷ್ಟ್ರು ಚೀಟಿಯನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು, ಸ್ವಲ್ಪ ಹೊತ್ತು.

“ಚೆನ್ನಾಗಿದೆಯಾ?”

“ಚೆನ್ನಾಗಿದೆ.”

“ಹಾಗಾದ್ರೆ ಸರಿ,” ಎಂದು ಅವರು ಚೀಟಿಯನ್ನು ಬಂಗಾರದ ತಗಡಿನ ಹಾಗೆ ಮಡಚಿ ಎದೆಯ ಜೇಬಿಗೆ ಇಟ್ಟುಕೊಂಡು ಎದ್ದರು.

ಜೊತೆಗಾರ್ತಿ ಬಂದ ಮೇಲೆ ಹುಡುಗಿ ತನ್ನ ಕೈಗೇ ಪಟ್ಟಿ ಸುತ್ತಿ ನೋಡಿಕೊಂಡಳು. ಸರಿಯಾಗಿತ್ತು. ಜೊತೆಗಾರ್ತಿಯದೂ ಸರಿಯಾಗಿತ್ತು. ಆ ಸಂಜೆಯವರೆಗೆ ಕೂತವರೆಲ್ಲರದೂ ಸರಿಯಾಗಿತ್ತು.

*

“ಗಾಡಿ ಹನ್ನೊಂದಕ್ಕೆ ಬರುತ್ತೆ,” ಎಂದು ಯಾರೋ ಹೇಳಿದರು. ಮೆಟ್ಟಿಲು ಇಕ್ಕಟ್ಟು, ತಿರುವಿನಲ್ಲಿ ಹೇಗೆ ಇಳಿಸುವುದು ಎಂದು ಗಂಡಸರಲ್ಲಿ ಚರ್ಚೆ ನಡೆಯಿತು. ಭಾರ ಎಷ್ಟಿರಬಹುದು ಎಂದು ಒಬ್ಬ ಕೇಳಿದ.

“ಅರವತ್ತೆರಡೂವರೆ,” ಎಂದ ಬಾಗಿಲ ಬಳಿ ನಿಂತಿದ್ದ ಬೀಗದವನು. “ಹೋದ ತಿಂಗಳು ಗೋಣಿ ತೂಗೋ ಯಂತ್ರ ರಿಪೇರಿಗೆ ಬಂದಿತ್ತು. ತಾನೇ ಹತ್ತಿ ನಿಂತು ನೋಡಿಕೊಂಡ.” ಮೇಷ್ಟ್ರ ಅಂಗಡಿಯ ಪಕ್ಕದ ಅಂಗಡಿ ಅವನದು. ಮೂವತ್ತು ವರ್ಷ ಇಬ್ಬರೂ ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತವರು. ಹೇಳುತ್ತಲೇ ಅವನ ಕಣ್ಣು ಹುಡುಗಿಯ ಮೇಲೆ ಬಿತ್ತು, ಅಲ್ಲೇ ನಿಂತಿತು. ಅವಳು ನೆಲ ನೋಡಿದಳು.

ಆಗ ಮಗಳು ಮಾತಾಡಿದಳು. ಬೆಳಗಿನಿಂದ ಬಾಯಿ ಬಿಡದಿದ್ದವಳು ತಾಯಿಯ ಕಡೆ ತಿರುಗದೆಯೇ, ತಂದೆಯ ಪಾದಗಳಿಗೆ ಹೇಳುವ ಹಾಗೆ ಹೇಳಿದಳು.

“ಡಾಕ್ಟ್ರು ನನ್ನ ಕೇಳಿದ್ರು, ಬೆಳಿಗ್ಗೆ ಮನೇಲಿ ಏನಾದ್ರೂ ಆಯ್ತಾ ಅಂತ. ಹತ್ತು ದಿನದ ಹಿಂದೆ ಚೀಟೀಲಿ ನೂರ ಇಪ್ಪತ್ತೆಂಟು ಇದೆ, ತಲೇಲಿ ನರ ಒಡೆಯೋಷ್ಟು ಒಂದೇ ದಿನದಲ್ಲಿ ಹೇಗೆ ಏರುತ್ತೆ ಅಂತ. ಏನಂತ ಹೇಳ್ಲಿ ನಾನು? ಕುಕ್ಕರಿನ ರಬ್ಬರಿಗೆ ಜಗಳ ಆಯ್ತು ಅಂತ ಹೇಳ್ಲಾ?”



“ದಿನಾ ಆಡೋ ಜಗಳ ಕಣೆ ಅದು,” ಎಂದರು ತಾಯಿ.

“ತಲೆ ನೋಯುತ್ತೆ ಅಂದ್ರಂತೆ.”

“ಅಂದ್ರು. ಚೀಟಿ ತೋರಿಸ್ಕೊಂಡು ಊರೆಲ್ಲಾ ತಿರುಗ್ತೀರಲ್ಲ, ಹುಡುಗನ ಬಿ.ಪಿ. ನಂದು ಅಂತ, ಈಗೇನು ತಲೆನೋವು, ರಬ್ಬರ್ ತರೋಕೆ ಸೋಮಾರಿತನ ಅಂದೆ. ಅಂದೆ ನಾನು. ಇಲ್ಲ ಅನ್ನಲ್ಲ.” ಅವರು ಗೂಡಿನತ್ತ ನೋಡಿದರು. “ತಂದೂ ತಂದಿದ್ರು.”

“ಇದು ಮುಗಿದ ಮೇಲೆ ನಾನು ಈ ಮನೆಗೆ ಬರಲ್ಲ,” ಎಂದಳು ಮಗಳು, ದನಿ ಏರಿಸದೆ. ಏರಿಸಿದ್ದರೆ ಯಾರಾದರೂ ಸಮಾಧಾನ ಹೇಳಬಹುದಿತ್ತು.

ಹುಡುಗಿ ಬಂದಿದ್ದು ಚೀಟಿಯ ಭಯಕ್ಕೆ. ಯಾರಾದರೂ ಅದನ್ನು ಓದಿ, ಸಂಘಕ್ಕೆ ಫೋನ್ ಮಾಡಿ, ಯಾರು ಬರೆದದ್ದು ಎಂದು ಕೇಳಿದರೆ? ಪೊಲೀಸರು, ಕಾಲೇಜು, ಹಾಸ್ಟೆಲಿನ ಬಾಗಿಲಲ್ಲಿ ಬಂದು ನಿಂತ ಅಪ್ಪ ಅಮ್ಮ, ಹೀಗೆ ಬೆಳಗಿನಿಂದ ಒಂದೊಂದನ್ನೇ ಊಹಿಸಿಕೊಂಡು ಹೆದರಿದ್ದಳು. ಆ ಚೀಟಿ ಅವಳ ಕೂದಲೂ ಕೊಂಕದ ಹಾಗೆ, ಗಡಿಯಾರಕ್ಕೆ ಒರಗಿಕೊಂಡು, ಇನ್ನೊಬ್ಬರ ಕೊರಳಿಗೆ ಕೈ ಹಾಕಿರುತ್ತದೆ ಎಂದು ಊಹಿಸಿರಲಿಲ್ಲ.

ಗಾಳಿ ಬೇಕೆಂದು ಎದ್ದು ಹೊರಗೆ ಹೋದಳು.

*

ಈ ಹತ್ತು ದಿನ ಅವಳು ಬೆಳಿಗ್ಗೆ ಸಂಜೆ ಆ ರಸ್ತೆಯಲ್ಲಿ ಹಾದುಹೋಗಿದ್ದಳು. ಎದುರು ಬದಿಯ ಔಷಧದಂಗಡಿಯ ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಮೇಷ್ಟ್ರು ಬೆಂಚಿನ ಮೇಲೆ ಬಾಗಿ ಕೂತಿರುತ್ತಿದ್ದರು. ಬದುಕಿದ್ದಾರೆ. ಆಗ ಉಸಿರು ಬಿಡುತ್ತಿದ್ದಳು. ಉಳಿದ ಹೊತ್ತಿನಲ್ಲಿ ಅವಳು ಯಂತ್ರದ ತಪ್ಪು ಹುಡುಕುತ್ತಿದ್ದಳು. ಕೆಟ್ಟಿದೆ, ರಿಪೇರಿ ಮಾಡಿಸುತ್ತೇನೆ ಎಂದು ಸಂಘಕ್ಕೆ ಸುಳ್ಳು ಹೇಳಿ ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಳು. ಹಾಸ್ಟೆಲಿನ ಗೆಳತಿಯರ ಕೈಗೆ, ಅಡುಗೆಯವರ ಕೈಗೆ, ಕಾವಲುಗಾರನ ಕೈಗೆ ಪಟ್ಟಿ ಸುತ್ತಿದಳು. ಒಂದು ಸಲವಾದರೂ ತಪ್ಪಲಿ ಎಂದು ಹಾರೈಸಿದಳು. ಅದು ಒಂದು ಸಲವೂ ತಪ್ಪಲಿಲ್ಲ.

ಆರನೆಯ ದಿನ ರಸ್ತೆ ದಾಟಿದಳು. ಹೇಳಿಬಿಡುತ್ತೇನೆ, ಇನ್ನೊಂದು ಸಲ ನೋಡೋಣ ಬನ್ನಿ ಎನ್ನುತ್ತೇನೆ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಗೋಡೆಗೆ ಹಳೆಯ ತಕ್ಕಡಿಯ ತಟ್ಟೆಗಳು ನೇತಾಡುತ್ತಿದ್ದವು. ಬೆಂಚಿನ ಮೇಲೆ, ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಮಲಗಿದ್ದವು.

“ಏನಮ್ಮ, ಮತ್ತೆ ಡಬ್ಬಿ ತಂದ್ಯಾ?”

“ಇಲ್ಲ. ಸುಮ್ಮನೆ ಬಂದೆ.”

“ಸುಮ್ಮನೆ ಬಂದೋರಿಗೆ ಒಂದು ವಿಷಯ ಹೇಳ್ತೀನಿ,” ಎಂದು ಅವರು ಒಂದು ಅಗಲ ತಟ್ಟೆಯನ್ನು ಬೆರಳಿನಿಂದ ಮೀಟಿದರು. ಮಗಳು ಹುಟ್ಟಿದ ಮೂರನೇ ದಿನ ಅವಳನ್ನು ಅದರಲ್ಲೇ ತೂಗಿದ್ದರಂತೆ. ಆಸ್ಪತ್ರೆಯವರು ಎರಡು ಕಿಲೋ ಒಂಬೈನೂರು ಎಂದು ಬರೆದುಕೊಟ್ಟಿದ್ದರು. ಇವರ ತಕ್ಕಡಿಯಲ್ಲಿ ಎರಡು ಕಿಲೋ ಏಳ್ನೂರೈವತ್ತು. “ಹೆಂಡ್ತಿ ಹೇಳಿದ್ಲು, ಅವರು ಬರೆದದ್ದೇ ಇರಲಿ ಬಿಡಿ, ಕೇಳಿದೋರಿಗೆ ಹೇಳೋಕೆ ಚೆನ್ನಾಗಿರುತ್ತೆ ಅಂತ. ಮೊದಲನೇ ಸಲ ನನ್ನ ತಕ್ಕಡಿ ಬಿಟ್ಟು ಬೇರೆಯವರ ಚೀಟಿ ಒಪ್ಕೊಂಡೆ.”

ಆಮೇಲೆ ಎದೆಯ ಜೇಬು ತಟ್ಟಿ, ಒಂದು ಕಣ್ಣು ಚಿಕ್ಕದು ಮಾಡಿ ನಕ್ಕರು. “ನಿಂದು ಎರಡನೇದು.”

ಅವಳು ಬರುತ್ತೇನೆ ಎಂದು ಹೇಳಿ ಹೊರಟಳು.

ನಿನ್ನೆ ಬಾಗಿಲು ಅರ್ಧ ಎಳೆದಿತ್ತು. ಕಾಫಿಗೆ ಹೋಗಿರಬೇಕು ಎಂದುಕೊಂಡಳು. ಇವತ್ತು ಬೆಳಿಗ್ಗೆ ಪೂರ್ತಿ ಎಳೆದ ಬಾಗಿಲಿನ ಮೇಲೆ ಬೀಗದವನು ಅಂಟಿಸಿದ ಕಾಗದವಿತ್ತು. ವಯಸ್ಸು, ಮನೆಯ ವಿಳಾಸ, ಹೊರಡುವ ಸಮಯ.

*

ಬೀಗದವನು ಅವಳ ಹಿಂದೆಯೇ ಮೆಟ್ಟಿಲಿಗೆ ಬಂದ. ಬಾಗಿಲನ್ನು ಸ್ವಲ್ಪ ಮುಂದೆ ಮಾಡಿದ. ಅವನ ಜೇಬಿನಲ್ಲಿ ಬೀಗದಕೈಗಳ ಗೊಂಚಲು ಸಣ್ಣಗೆ ಸದ್ದು ಮಾಡುತ್ತಿತ್ತು. ಕೈ ಜೇಬಿನೊಳಗೇ ಇತ್ತು.

“ಕೊಡೆ ಕೆಳಗಿದ್ದ ಹುಡುಗಿ ನೀನು.”

ಅವಳು ಗೋಡೆ ಹಿಡಿದುಕೊಂಡಳು.

“ಹೆದರಬೇಡ. ನಾನು ನಿನಗಿಂತ ಜಾಸ್ತಿ ಹೆದರಿದ್ದೀನಿ.” ಅವನು ಕೆಳಗಿನ ಮೆಟ್ಟಿಲುಗಳನ್ನೊಮ್ಮೆ ನೋಡಿದ. “ಅವತ್ತೇ ಬಂದು ಹೇಳ್ದ. ಯಂತ್ರದಲ್ಲಿ ಇನ್ನೂರ ಹನ್ನೆರಡು ಬಂತು ಕಣೋ, ಹುಡುಗಿ ನೂರ ಇಪ್ಪತ್ತೆಂಟು ಬರೆದುಬಿಟ್ಲು ಅಂದ. ನಗ್ತಾ ಹೇಳ್ದ.”

“ಅವರು ನೋಡಿದ್ರಾ?”

“ತಲೆಕೆಳಗಿದ್ರೇನು, ಅವನ ಕಣ್ಣಿಗೆ ಅಂಕಿ ಬಿದ್ದರೆ ಮುಗೀತು.”

ಮೇಷ್ಟ್ರ ಅಣ್ಣ ಒಂದು ಕಾಲದಲ್ಲಿ ಸಣ್ಣ ಎದೆನೋವಿಗೆ ಆಸ್ಪತ್ರೆಗೆ ನಡೆದುಕೊಂಡು ಹೋಗಿ ತಿರುಗಿ ಬಂದಿರಲಿಲ್ಲ. ಅಂದಿನಿಂದ ಅವರಿಗೆ ಆಸ್ಪತ್ರೆ ಎಂದರೆ ಹುಲಿಯ ಬೋನು ಎಂದು ಬೀಗದವನು ಹೇಳಿದ. ಒಂದು ವರ್ಷದಿಂದ ಹೆಂಡತಿ ಡಾಕ್ಟರ ಹತ್ತಿರ ಹೋಗಿ ಎಂದು ಬೆನ್ನು ಬಿದ್ದಿದ್ದರು. ಚೀಟಿ ಸಿಕ್ಕಿದ ಮೇಲೆ ಆಕೆಯ ಬಾಯಿಗೆ ಬೀಗ.

“ನಾನು ಬೈದೆ. ನಿನ್ನ ಹೆಂಡ್ತಿಗೆ ಹೇಳ್ತೀನಿ ಅಂದೆ. ಏನಂದ ಗೊತ್ತಾ? ನಲವತ್ತು ವರ್ಷ ಊರಿನವರ ತೂಕ ಸರಿ ಮಾಡಿದ್ದೀನಿ, ಒಂದೇ ಒಂದು ತಪ್ಪು ತೂಕ ನನ್ನ ಕಡೆ ವಾಲಿದೆ, ಇಟ್ಕೊಳ್ತೀನಿ ಬಿಡೋ ಅಂದ. ಹೇಳಿದ್ರೆ ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ ಅಂದ. ನಾನು ಹೇಳ್ಲಿಲ್ಲ.” ಗೊಂಚಲು ಮತ್ತೆ ಸದ್ದು ಮಾಡಿತು. “ಈಗ ಹೇಳಿ ಏನು ಬಂತು? ನಲವತ್ತು ವರ್ಷ ಸುಳ್ಳು ಹೇಳದೋನನ್ನ ಹೆಣವಾದ ಮೇಲೆ ಸುಳ್ಳುಗಾರ ಮಾಡೋದಾ? ನೀನೂ ಬಾಯಿ ಬಿಡಬೇಡ, ನಾನೂ ಬಿಡಲ್ಲ. ಮನೆಗೆ ಹೋಗು ಮಗಳೇ. ಚೆನ್ನಾಗಿ ಓದ್ಕೋ.”

ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಮಡಚಿ ಇಟ್ಟುಕೊಂಡರು. ಅವಳು ನಾಲ್ಕು ಮೆಟ್ಟಿಲು ಇಳಿದಳು. ಐದನೆಯದಕ್ಕೆ ಕಾಲು ಇಟ್ಟಾಗ ಮೇಲೆ ಮನೆಯೊಳಗೆ ಏನೋ ಬಿದ್ದ ಸದ್ದಾಯಿತು. ಯಾರೋ ನೀರು, ನೀರು ಎಂದರು. ಹೋಗಿಬಿಡಬಹುದಿತ್ತು. ಕೆಳಗೆ ಬೀದಿಯ ಬಿಸಿಲು ಕಾಣುತ್ತಿತ್ತು.

ಅವಳು ತಿರುಗಿ ಹತ್ತಿದಳು.

*

ಮೇಷ್ಟ್ರ ಹೆಂಡತಿ ಎದ್ದು ನಿಲ್ಲಲು ಹೋಗಿ ಕಣ್ಣುಕತ್ತಲೆ ಬಂದು ಗೂಡಿಗೆ ಕೈಯೂರಿದ್ದರು. ಗಡಿಯಾರ ನೆಲಕ್ಕೆ ಬಿದ್ದು ನಿಂತುಹೋಗಿತ್ತು. ಈಗ ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ನಿನ್ನೆಯಿಂದ ಹನಿ ನೀರು ಮುಟ್ಟಿಲ್ಲ ಎಂದು ಹಣ್ಣಿನವಳು ಹೇಳುತ್ತಿದ್ದವಳು ಹುಡುಗಿಯನ್ನು ನೋಡಿ ಕಣ್ಣರಳಿಸಿದಳು.

“ನೀನು ಡಬ್ಬಿ ಹಿಡ್ಕೊಂಡು ನಿಲ್ತಿದ್ದೋಳಲ್ವಾ? ನನ್ನ ಅಂಗಡಿ ಮುಂದೆ? ಬಿ.ಪಿ. ನೋಡ್ತೀಯಲ್ಲ ನೀನು? ನಮ್ಮಕ್ಕಂದು ನೋಡಮ್ಮ.”

ಎಲ್ಲರೂ ಜಾಗ ಬಿಟ್ಟರು. ಬಾಗಿಲಲ್ಲಿ ಬೀಗದವನು ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದ. ಹುಡುಗಿ ನೆಲಕ್ಕೆ ಮಂಡಿಯೂರಿ ಚೀಲದಿಂದ ಯಂತ್ರ ತೆಗೆದಳು. ಮುದುಕಿಯ ತೋಳು ಸಣ್ಣದು, ಪಟ್ಟಿಯನ್ನು ಒಂದು ಸುತ್ತು ಹೆಚ್ಚು ಸುತ್ತಬೇಕಾಯಿತು. ಅದು ಎರಡು ಸಲ ಬಿಚ್ಚಿಕೊಂಡಿತು. ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ.

“ಏನಾಯ್ತು?” ಎಂದರು ಮೇಷ್ಟ್ರ ಹೆಂಡತಿ.

“ಇದನ್ನ ಒಬ್ಬರೇ ನೋಡಬಾರದು ಅಮ್ಮ,” ಎಂದಳು. ದನಿ ತನ್ನದಲ್ಲದ ಹಾಗೆ ಕೇಳಿಸಿತು. “ಒಬ್ಬರು ಓದಬೇಕು, ಒಬ್ಬರು ಬರೆಯಬೇಕು. ಹಾಗಂತ ನಿಯಮ. ಅವತ್ತು ನಾನು ಒಬ್ಬಳೇ ಇದ್ದೆ.”

ಯಾರಿಗೂ ಅರ್ಥವಾಗಲಿಲ್ಲ. ಬಿದ್ದ ಸಾಮಾನುಗಳ ನಡುವೆ ಚೀಟಿ ತೆರೆದುಕೊಂಡು ಬಿದ್ದಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು.

“ಇದು ನಾನು ಬರೆದದ್ದು. ಅವರದ್ದು ಇಷ್ಟಿರಲಿಲ್ಲ. ಇನ್ನೂರ ಹನ್ನೆರಡು, ನೂರ ಹದಿನೆಂಟು ಇತ್ತು. ಯಂತ್ರ ಸರಿಯಾಗೇ ತೋರಿಸ್ತು. ನಾನು ಹೆದರಿ ಬೇರೆ ಬರೆದೆ.” ಅವಳು ಮಗಳ ಕಡೆ ನೋಡಿದಳು. “ನಿನ್ನೆ ಏರಿದ್ದಲ್ಲ. ಹತ್ತು ದಿನದ ಹಿಂದೇನೇ ಅಷ್ಟಿತ್ತು. ಜಗಳದಿಂದ ಅಲ್ಲ.”

ಹಣ್ಣಿನವಳ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಮಗಳು ಎದ್ದಳು. ಎದ್ದ ರಭಸಕ್ಕೆ ಹುಡುಗಿ ಕಣ್ಣು ಮುಚ್ಚಿಕೊಂಡು ಹೆಗಲು ಕುಗ್ಗಿಸಿದಳು. ಏಟು ಬೀಳಲಿಲ್ಲ. ಬಿದ್ದಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಕೆಳಗೆ ಬೀದಿಯಲ್ಲಿ ಗಾಡಿ ಬಂದು ಒಂದು ಸಲ ಹಾರ್ನ್ ಮಾಡಿತು.

“ನಿನ್ನ ಎದುರಿಗೇ ಕೂತಿದ್ರಾ ಅವರು?” ಎಂದರು ಮೇಷ್ಟ್ರ ಹೆಂಡತಿ.

“ಹ್ಞೂಂ.”

“ಯಂತ್ರ ಮೇಜಿನ ಮೇಲಿತ್ತಾ?”

“ಹ್ಞೂಂ.”

ಆಕೆ ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಕಳ್ಳತನ ಮಾಡಿ ನಿದ್ದೆಯ ನಟನೆ ಮಾಡುವ ಮಕ್ಕಳನ್ನು ನೋಡುವ ಹಾಗೆ.

“ಹಾಗಾದ್ರೆ ಅವರೂ ಓದಿದ್ದಾರೆ,” ಎಂದರು.

ಆ ಮಾತನ್ನು ತನ್ನ ರಕ್ಷಣೆಗೆಂದು ತರಬಾರದು ಎಂದು ಹುಡುಗಿ ಮೆಟ್ಟಿಲ ಮೇಲೆಯೇ ನಿಶ್ಚಯಿಸಿದ್ದಳು. ಬಾಗಿಲಲ್ಲಿ ಬೀಗದವನು ತಲೆ ತಗ್ಗಿಸಿದ. ಮೇಷ್ಟ್ರ ಹೆಂಡತಿಗೆ ಅಷ್ಟು ಸಾಕಾಯಿತು. ಮಗಳಿಗೂ.

ಮಗಳು ಮಂಚವನ್ನು ಸುತ್ತಿಕೊಂಡು ಬಂದು ತಾಯಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಹುಡುಗಿಯ ಮುಖ ನೋಡಲಿಲ್ಲ. ಅವಳ ಮುಖದಲ್ಲಿ ಕ್ಷಮೆಯೂ ಇರಲಿಲ್ಲ. ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮುಖವನ್ನು ಹುಡುಗಿಯ ಕಡೆಯಿಂದ ತನ್ನ ಕಡೆಗೆ ತಿರುಗಿಸಿಕೊಂಡಳು.

“ನಾನು ಓದ್ತೀನಿ,” ಎಂದಳು. “ನೀನು ಬರಿ.”

ಗೂಡಿನಲ್ಲಿ ಮೇಷ್ಟ್ರ ಪೆನ್ಸಿಲಿನ ತುಂಡೊಂದು ಇತ್ತು. ಹುಡುಗಿ ಅದನ್ನು ತೆಗೆದುಕೊಂಡು, ಚೀಟಿಯನ್ನು ಮಗುಚಿ, ಹಿಂದಿನ ಖಾಲಿ ಬದಿಯನ್ನು ಮಂಡಿಯ ಮೇಲೆ ಹರಡಿಕೊಂಡಳು. ಮಗಳು ಗುಂಡಿ ಒತ್ತಿದಳು. ಯಂತ್ರ ಗುರ್ ಎಂದು ಶುರುವಾಯಿತು. ತೆಳ್ಳನೆಯ ತೋಳಿನ ಸುತ್ತ ಪಟ್ಟಿ ಉಬ್ಬುತ್ತ ಹೋಯಿತು. ಮುದುಕಿ ಗಂಡನ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಕೆಳಗೆ ಗಾಡಿ ಎರಡನೇ ಸಲ ಕೂಗಿತು, ಯಾರೂ ಅಲುಗಲಿಲ್ಲ. ಗಾಳಿ ಇಳಿಯತೊಡಗಿತು. ಎದುರಿಗೆ ಕೂತ ಹುಡುಗಿಗೆ ತಲೆಕೆಳಗಾಗಿ ಉರಿಯುವ ಅಂಕಿಗಳು ಮಾತ್ರ ಕಾಣುತ್ತಿದ್ದವು, ಒಂದೂ ತಿಳಿಯುತ್ತಿರಲಿಲ್ಲ. ಅವಳು ಪೆನ್ಸಿಲಿನ ಮೊನೆಯನ್ನು ಕಾಗದಕ್ಕೆ ತಾಗಿಸಿ, ಮಗಳ ತುಟಿಗಳನ್ನು ನೋಡುತ್ತ ಕಾದಳು.